ಕೇಳುವ ಮೊದಲೇ ಬರುವ ಐವತ್ತು ರೂಪಾಯಿ

(ನಮ್ಮ ಊರಿನ ಗ್ರಂಥಾಲಯದ ಸಭಾಂಗಣದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಹಿಂದುಮುಂದಾದದ್ದನ್ನು ಸರಿಪಡಿಸಿದ್ದೇನೆ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಹಿರಿಯರೇ, ಗೆಳೆಯರೇ,

ನನ್ನನ್ನು ಇಲ್ಲಿಗೆ ಕರೆದದ್ದು ಒಂದು ಲೆಕ್ಕದ ಪುಸ್ತಕದ ದೆಸೆಯಿಂದ. ಹದಿನಾಲ್ಕು ವರ್ಷ ನಾನು ಒಂದು ಸಣ್ಣ ಉಚಿತ ವಿದ್ಯಾರ್ಥಿನಿಲಯದ ಖಜಾಂಚಿಯಾಗಿದ್ದೆ. ಅರವತ್ತು ಚಿಲ್ಲರೆ ಮಕ್ಕಳು, ಒಬ್ಬರು ಅಡುಗೆಯವರು, ಅವರಿಗೆ ನೆರವಾಗಲು ಒಬ್ಬ ಹೆಂಗಸು, ಒಬ್ಬ ವಾರ್ಡನ್. ದೊಡ್ಡ ಮಠದ ಬೆಂಬಲವಿಲ್ಲ, ಆಸ್ತಿಯಿಲ್ಲ. ಊರಿನವರು ಕೊಟ್ಟದ್ದರಲ್ಲೇ ಒಲೆ ಉರಿಯಬೇಕು.

ಆ ಪುಸ್ತಕವನ್ನು ತೆರೆದರೆ ಬಲಗಡೆಯ ಖರ್ಚಿನ ಪುಟ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮ. ಅಕ್ಕಿ, ರಾಗಿ, ಬೇಳೆ, ಎಣ್ಣೆ, ಗ್ಯಾಸ್, ವಿದ್ಯುತ್ ಬಿಲ್ಲು, ಅಡುಗೆಯವರ ಸಂಬಳ. ಮಕ್ಕಳ ಹೊಟ್ಟೆಗೆ ಹಬ್ಬವೂ ಒಂದೇ, ಅಮಾವಾಸ್ಯೆಯೂ ಒಂದೇ. ಎಡಗಡೆಯ ಜಮೆಯ ಪುಟ ಹಾಗಲ್ಲ. ಆಗಸ್ಟ್ 15ಕ್ಕೆ ಒಂದು ಗುಡ್ಡ, ದೀಪಾವಳಿಗೆ ಇನ್ನೊಂದು, ಜನವರಿ 26ಕ್ಕೆ ಮತ್ತೊಂದು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ತೆರಿಗೆ ವಿನಾಯಿತಿಯ ರಸೀದಿಗಾಗಿ ಅವಸರದಲ್ಲಿ ಬರುವವರಿಂದ ಒಂದು ಸಣ್ಣ ದಿಬ್ಬ. ಜೂನ್ ತಿಂಗಳಲ್ಲಿ ಮಾತ್ರ ಬಟಾಬಯಲು. ಶಾಲೆ ತೆರೆಯುವುದು ಜೂನ್‌ನಲ್ಲೇ. ಹೊಸ ಮಕ್ಕಳು ಟ್ರಂಕು ಹಿಡಿದುಕೊಂಡು ಬರುವುದು, ನೋಟ್‌ಬುಕ್ಕು, ಚಾಪೆ, ಹೊದಿಕೆ ಕೊಳ್ಳಬೇಕಾದದ್ದು, ಮಳೆಗೆ ಹಂಚು ಬದಲಿಸಬೇಕಾದದ್ದು, ಎಲ್ಲವೂ ಜೂನ್‌ನಲ್ಲೇ. ಕೊಡುವವರ ಮನೆಯಲ್ಲೂ ಆ ತಿಂಗಳು ಶಾಲೆಯ ಶುಲ್ಕದ ತಿಂಗಳು. ಅದು ನನಗೆ ಗೊತ್ತು, ಯಾರನ್ನೂ ದೂರುತ್ತಿಲ್ಲ.

ಒಂದು ಭಾನುವಾರದ ಮಾತು ಹೇಳುತ್ತೇನೆ. ಅಂದು ಮೂರು ಮನೆಯವರು ತಮ್ಮ ಮಕ್ಕಳ ಹುಟ್ಟುಹಬ್ಬವನ್ನು ನಮ್ಮ ನಿಲಯದಲ್ಲಿ ಆಚರಿಸಿದರು. ಮೂರು ಕೇಕು. ಮಧ್ಯಾಹ್ನ ಹೋಳಿಗೆಯೂಟ, ಸಂಜೆ ಐಸ್‌ಕ್ರೀಂ. ಮಕ್ಕಳು ಕುಣಿದಾಡಿದರು. ಬಂದವರೂ ಪ್ರೀತಿಯಿಂದಲೇ ಬಂದಿದ್ದರು, ಹೋಗುವಾಗ ಒಬ್ಬ ತಾಯಿಯ ಕಣ್ಣು ತುಂಬಿತ್ತು. ಮಾರನೆಯ ದಿನ ಬೆಳಗ್ಗೆ ಐದೂವರೆಗೆ ಅಡುಗೆಯವರು ನನ್ನ ಮನೆ ಬಾಗಿಲು ತಟ್ಟಿದರು. ಗ್ಯಾಸ್ ಮುಗಿದಿತ್ತು, ಸಿಲಿಂಡರಿಗೆ ಪೆಟ್ಟಿಗೆಯಲ್ಲಿ ಹಣವಿರಲಿಲ್ಲ. ಹಿಂದಿನ ದಿನ ಬಂದ ಮೂರು ಮನೆಗಳ ಪ್ರೀತಿಯಲ್ಲಿ ಒಂದು ಸಿಲಿಂಡರಿನ ಬೆಲೆ ಎಷ್ಟೋ ಸಲ ಅಡಗಿತ್ತು. ಆದರೆ ಅದೆಲ್ಲ ಕ್ರೀಮಾಗಿ ಕರಗಿಹೋಗಿತ್ತು.

ಅಂಥ ದಿನಗಳಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ದಿನಸಿ ಅಂಗಡಿಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಿದ್ದೆ. ಅಂಗಡಿಯವರು ಒಳ್ಳೆಯವರು, ಉದ್ರಿ ಇಲ್ಲವೆಂದು ಒಮ್ಮೆಯೂ ಅಂದವರಲ್ಲ. ಆದರೂ ದುಡ್ಡು ಕೊಡುವ ಗಿರಾಕಿಗಳೆಲ್ಲ ಮುಗಿಯಲಿ ಎಂದು ಕಾಯಬೇಕಿತ್ತು. ತಕ್ಕಡಿಗೆ ಬೇಳೆ ಸುರಿಯುವ ಸದ್ದು ಕೇಳುತ್ತಾ, ಇವತ್ತು ಯಾವ ಮಾತಿನಿಂದ ಶುರು ಮಾಡಲಿ ಎಂದು ಮನಸ್ಸಿನಲ್ಲೇ ಉರುಹೊಡೆಯುತ್ತಾ ಕೂರುತ್ತಿದ್ದೆ. ನನ್ನ ಹೊಟ್ಟೆಗಾಗಿ ಕೇಳುತ್ತಿರಲಿಲ್ಲ, ಆದರೂ ನಾಲಿಗೆ ಒಣಗುತ್ತಿತ್ತು. ತಮ್ಮ ಹೊಟ್ಟೆಗಾಗಿಯೇ ಕೇಳಬೇಕಾದವರ ಪಾಡು ಏನಿರಬಹುದು ಎಂಬುದು ನನಗೆ ತಿಳಿದದ್ದು ಆ ಬೆಂಚಿನ ಮೇಲೆ.

ನಾನು ಇವತ್ತು ಹೇಳಬೇಕೆಂದಿರುವುದು ಅಲ್ಲಿಂದಲೇ ಹುಟ್ಟಿದೆ. ತಿಂಗಳು ತಿಂಗಳು ತಪ್ಪದೆ ಕೊಡುವವರು ಹಣವನ್ನಷ್ಟೇ ಕೊಡುತ್ತಿಲ್ಲ, ಕೇಳುವ ಸಂಕಟವನ್ನು ಇನ್ನೊಬ್ಬರ ಮೇಲಿಂದ ಇಳಿಸುತ್ತಿದ್ದಾರೆ. ಒಮ್ಮೆ ಕೊಟ್ಟ ಹತ್ತು ಸಾವಿರ ಮುಗಿದ ಮೇಲೆ ಮತ್ತೆ ಕೈಚಾಚಲೇಬೇಕು. ಐದನೆಯ ತಾರೀಖಿಗೆ ಐವತ್ತು ರೂಪಾಯಿ ಬಂದೇ ಬರುತ್ತದೆ ಎಂದಿದ್ದರೆ ಅಷ್ಟರ ಮಟ್ಟಿಗೆ ಯಾರೂ ಯಾರ ಮುಂದೆಯೂ ತಲೆತಗ್ಗಿಸಬೇಕಿಲ್ಲ.

ನಮ್ಮ ತಂದೆ ವಾರಾನ್ನದ ಹುಡುಗರಾಗಿದ್ದವರು. ಇಲ್ಲಿರುವ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಕಿರಿಯರಿಗಾಗಿ ಹೇಳುತ್ತೇನೆ. ಹಳ್ಳಿಯಿಂದ ಓದಲು ಪೇಟೆಗೆ ಬಂದ ಬಡ ಹುಡುಗ ಏಳು ಮನೆ ಗೊತ್ತುಮಾಡಿಕೊಳ್ಳುತ್ತಿದ್ದ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಹೀಗೆ ವಾರ ತುಂಬುತ್ತಿತ್ತು. ಏಳು ಮನೆ ಸಿಕ್ಕದಿದ್ದರೆ ಸಿಕ್ಕದ ದಿನ ಉಪವಾಸ. ತಂದೆಗೆ ಐದು ಮನೆ ಸಿಕ್ಕಿದ್ದವು.

ಆ ಐದರಲ್ಲಿ ಎರಡು ಮನೆಗಳ ಮಾತನ್ನು ಅವರು ಎಂಬತ್ತರ ವಯಸ್ಸಿನಲ್ಲೂ ಆಡುತ್ತಿದ್ದರು. ಗುರುವಾರದ ಮನೆಯಲ್ಲಿ ಜಗಲಿಯ ಮೇಲೆ ನಿಂತು, "ಅಮ್ಮಾ, ವಾರದ ಹುಡುಗ ಬಂದಿದ್ದೇನೆ" ಎಂದು ಕೂಗಬೇಕಿತ್ತು. ಒಳಗಿನಿಂದ ಉತ್ತರ ಬರುವವರೆಗೆ ಬೀದಿಯಲ್ಲಿ ಹೋಗುವ ಸಹಪಾಠಿಗಳು ನೋಡದಿರಲಿ ಎಂದು ಕಂಬದ ಮರೆಗೆ ಸರಿಯುತ್ತಿದ್ದರಂತೆ. ಮಂಗಳವಾರದ ಮನೆಯಲ್ಲಿ ಅವರು ಹೋಗುವ ಹೊತ್ತಿಗೆ ಬಾಗಿಲು ತೆರೆದಿರುತ್ತಿತ್ತು, ಆ ಮನೆಯ ಮಕ್ಕಳ ಸಾಲಿನಲ್ಲೇ ಒಂದು ಎಲೆ ಹಾಕಿರುತ್ತಿತ್ತು, ಪಕ್ಕದಲ್ಲಿ ನೀರಿನ ಲೋಟ. ಕೂಗುವ ಅಗತ್ಯವೇ ಇರಲಿಲ್ಲ. ಎರಡೂ ಮನೆಯಲ್ಲಿ ಅದೇ ಅನ್ನ, ಅದೇ ಸಾರು. ಗುರುವಾರದ ಮನೆಯಲ್ಲಿ ತುಪ್ಪವೂ ಇತ್ತಂತೆ. ತಂದೆಗೆ ಆ ತುಪ್ಪದ ರುಚಿ ಮರೆತುಹೋಗಿತ್ತು. ಮಂಗಳವಾರದ ಎಲೆ ಮರೆತಿರಲಿಲ್ಲ.

ವಾರಾನ್ನವನ್ನು ಹೊಗಳುವಾಗ ಒಂದು ಸತ್ಯವನ್ನು ಮುಚ್ಚಿಡಬಾರದು. ಆ ಬಾಗಿಲುಗಳು ಬಹುಮಟ್ಟಿಗೆ ಸ್ವಜಾತಿಯ ಹುಡುಗರಿಗಷ್ಟೇ ತೆರೆದಿದ್ದವು. ಉಳಿದ ಜಾತಿಗಳ, ಅದರಲ್ಲೂ ದಲಿತರ ಮಕ್ಕಳಿಗೆ ಪೇಟೆಯಲ್ಲಿ ಮಂಗಳವಾರವೂ ಇರಲಿಲ್ಲ, ಗುರುವಾರವೂ ಇರಲಿಲ್ಲ. ಎಲ್ಲರಿಗೂ ಬಾಗಿಲು ತೆರೆದ ನಿಲಯಗಳು ಬಂದ ಮೇಲೆ ಆ ಮಕ್ಕಳೂ ಓದಿದರು. ತುಮಕೂರಿನ ಸಿದ್ಧಗಂಗಾ ಮಠದ ಹೆಸರು ಇಲ್ಲಿ ಬರಲೇಬೇಕು. 1907ರಲ್ಲಿ ಹುಟ್ಟಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಅಲ್ಲಿ ಉಂಡು ಓದುವ ಮಕ್ಕಳ ಸಂಖ್ಯೆ ಹತ್ತು ಸಾವಿರದ ಸುಮಾರಿಗೆ ಬೆಳೆಯಿತು, ಅದೂ ಜಾತಿ ಮತ ಕೇಳದೆ. ಕಷ್ಟದ ದಿನಗಳಲ್ಲಿ ಸ್ವಾಮೀಜಿ ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ತಂದವರು. ಅಲ್ಲಿನ ಅಡುಗೆಮನೆಯ ಒಲೆ ತಲೆಮಾರುಗಳಿಂದ ಆರಿಲ್ಲ ಎಂದು ಭಕ್ತರು ಹೇಳುತ್ತಾರೆ. ಆರದ ಒಲೆಯ ಹಿಂದೆ ಆರದ ಕೈಗಳಿವೆ. ರಾಗಿ ಬೆಳೆದವನು ರಾಗಿ, ತೆಂಗು ಬೆಳೆದವನು ಕಾಯಿ, ತರಕಾರಿ ಬೆಳೆದವನು ತರಕಾರಿ ತಂದು ಇಳಿಸಿ ಹೋಗುತ್ತಾನೆ. ಜಾತ್ರೆಯ ದಿನ ಒಬ್ಬ ಶ್ರೀಮಂತ ಇಡೀ ಮಠಕ್ಕೆ ಪಾಯಸ ಮಾಡಿಸಬಲ್ಲ. ಯಾವ ಹಬ್ಬವೂ ಇಲ್ಲದ ಒಂದು ಬುಧವಾರದ ಮುದ್ದೆಯನ್ನು ನಿಲ್ಲದಂತೆ ನೋಡಿಕೊಳ್ಳಲು ಸಾವಿರಾರು ಮಂದಿ ಬೇಕು.

ವಾಡಿಕೆಯಾಗಿ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ಇದು ಗೊತ್ತು. ದೇವಾಲಯದ ನಂದಾದೀವಿಗೆ ಉರಿಯಲು ಊರಿನ ಗಾಣಿಗರು ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆ ಎಂದು ಬಿಟ್ಟುಕೊಡುತ್ತಿದ್ದರು. ವರ್ತಕರು ತಾವು ಸಾಗಿಸುವ ಹೇರಿಗೆ ಇಂತಿಷ್ಟು ಎಂದು ಅಡಕೆಯನ್ನೋ ವೀಳ್ಯದೆಲೆಯನ್ನೋ ಬಿಡುತ್ತಿದ್ದರು. ಬಾಯಾರಿದ ದಾರಿಹೋಕರಿಗೆ ಅರವಟ್ಟಿಗೆ, ಹಸಿದವರಿಗೆ ಸತ್ರ, ಅವು ನಡೆಯಲು ದತ್ತಿ ಭೂಮಿ. ಕೆಲವರು ಹೊನ್ನನ್ನು ಇಡುಗಂಟಾಗಿ ಕೊಟ್ಟು, ಅದರ ಬಡ್ಡಿಯಿಂದ ಧರ್ಮ ನಡೆಯಲಿ ಎಂದು ಕಲ್ಲಿನಲ್ಲಿ ಕೊರೆಸಿದರು. ಎಲ್ಲಿಯವರೆಗೆ? ಆಚಂದ್ರಾರ್ಕ, ಸೂರ್ಯ ಚಂದ್ರರಿರುವವರೆಗೆ.

ಆ ಗಾಣಿಗನನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಕೆಲಸ ನಡೆದಷ್ಟು ದಿನವೂ ಅವನ ಪಾಲು ತಾನಾಗಿ ಸಲ್ಲುತ್ತದೆ. ಇವತ್ತು ಕೊಡಲೇ, ನಾಳೆ ಕೊಡಲೇ ಎಂಬ ಹೊಯ್ದಾಟವಿಲ್ಲ. ಅರ್ಚಕನೂ ಸಂಜೆಯಾದರೆ ಎಣ್ಣೆಗಾಗಿ ಮನೆ ಮನೆ ಅಲೆಯಬೇಕಿಲ್ಲ. ಇನ್ನೊಂದು ಸಂಗತಿಯನ್ನು ಗಮನಿಸಿ. ಶಾಸನಗಳ ಕೊನೆಯಲ್ಲಿ ಶಾಪ ಬರುತ್ತದೆ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ತಟ್ಟಲಿ ಎಂದು. ಕೊಡದವನಿಗೆ ಶಾಪವಿಲ್ಲ. ನಡೆದುಬಂದ ಕೊಡುಗೆಯನ್ನು ಮುರಿದವನಿಗೆ ಶಾಪ. ಅದನ್ನು ನೆಚ್ಚಿ ಬದುಕುವವರು ಇದ್ದಾರೆ, ನಡುವೆ ನಿಂತರೆ ಅವರು ಬೀಳುತ್ತಾರೆ ಎಂಬ ಅರಿವು ಅದರಲ್ಲಿದೆ. ಹಾಗಾಗಿ ತಿಂಗಳಿಗಿಷ್ಟು ಕೊಡುತ್ತೇನೆ ಎಂದು ಬಂದವರಿಗೆ ನಾನು ಮೊದಲು ಹೇಳುತ್ತಿದ್ದ ಮಾತು, "ಅರ್ಧಕ್ಕೆ ಇಳಿಸಿ ಬರೆಸಿ" ಎಂದು. ಹುರುಪಿನಲ್ಲಿ ಸಾವಿರ ಬರೆಸಿ ನಾಲ್ಕನೆಯ ತಿಂಗಳಿಗೆ ಕಾಣೆಯಾಗುವುದಕ್ಕಿಂತ ಇನ್ನೂರು ಬರೆಸಿ ನಾಲ್ಕು ವರ್ಷ ನಡೆಸುವುದು ಲೇಸು. ನಿಲ್ಲಿಸಲೇಬೇಕಾಗಿ ಬಂದರೆ ಅದರಲ್ಲಿ ತಪ್ಪೇನೂ ಇಲ್ಲ, ಒಂದು ತಿಂಗಳು ಮೊದಲೇ ಹೇಳಿ.

ಅಳತೆಯ ಮಾತು ಬಂದಾಗ ಆಯ್ದಕ್ಕಿ ಲಕ್ಕಮ್ಮನನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಕಲ್ಯಾಣದಲ್ಲಿ ಅವಳ ಗಂಡ ಮಾರಯ್ಯ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ, ಅದರಲ್ಲೇ ಇಬ್ಬರೂ ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿ ಎಂದು ಹಿಂದಕ್ಕೆ ಕಳಿಸಿದಳು. ಇದನ್ನು ಆಸೆಯನ್ನು ಖಂಡಿಸುವ ಕಥೆಯೆಂದು ಎಲ್ಲರೂ ಹೇಳುತ್ತಾರೆ, ಅದು ನಿಜವೇ. ನನಗೆ ಅದರಲ್ಲಿ ಇನ್ನೊಂದೂ ಕಾಣುತ್ತದೆ. ಅವಳ ದಾಸೋಹ ಎಂದೋ ಒಮ್ಮೆ ಸಿಕ್ಕ ಹೆಚ್ಚಳದಿಂದ ನಡೆಯುವಂಥದ್ದಾಗಿರಲಿಲ್ಲ. ಅಂದಂದಿನ ದುಡಿಮೆಯಿಂದ ಅಂದಂದಿಗೆ ನಡೆಯುತ್ತಿತ್ತು. ಆ ದಂಪತಿಗಿಂತ ಬಡವರು ಕಲ್ಯಾಣದಲ್ಲಿ ಹೆಚ್ಚು ಮಂದಿ ಇದ್ದಿರಲಾರರು. ಆದರೂ ಅವರ ಮನೆಯ ದಾಸೋಹ ನಿಲ್ಲಲಿಲ್ಲ.

ಹಣವನ್ನು ಪೆಟ್ಟಿಗೆಯಲ್ಲಿ ಕೂಡಿಡಬಹುದು, ದೀಪಾವಳಿಯ ಹಣವನ್ನು ಜೂನ್‌ಗೆ ಎತ್ತಿಟ್ಟುಕೊಳ್ಳಿ ಎಂದು ಯಾರಾದರೂ ಹೇಳಬಹುದು. ಕೂಡಿಡಲಾಗದ ದಾನವೊಂದಿದೆ. ರಕ್ತ.

ನಮ್ಮ ನಿಲಯದಲ್ಲಿ ಕೆಲವು ವರ್ಷ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ ಇದ್ದ ಒಬ್ಬ ಹುಡುಗ ಇದ್ದ. ಆ ಕಾಯಿಲೆ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಅಸ್ಥಿಮಜ್ಜೆಯ ಕಸಿಯಂಥ ಚಿಕಿತ್ಸೆ ಕೈಗೂಡದವರಿಗೆ ಇದು ಜೀವಮಾನವಿಡೀ. ದಿನ ಹತ್ತಿರ ಬಂದಂತೆ ಅವನ ಮುಖ ಬಿಳುಚುತ್ತಿತ್ತು, ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ಕೂರುತ್ತಿದ್ದ. ರಕ್ತ ಏರಿಸಿದ ಮರುದಿನ ಅಂಗಳದಲ್ಲಿ ಚೆಂಡಾಡುತ್ತಿದ್ದ. ಅವನ ಕ್ಯಾಲೆಂಡರಿನಲ್ಲಿ ಮಹಾನವಮಿ, ಯುಗಾದಿಗಳಿಗಿಂತ ಆ ದಿನಗಳೇ ದೊಡ್ಡವು. ಈಗ ರಕ್ತನಿಧಿಯ ಲೆಕ್ಕ ನೋಡಿ. ಕೆಂಪು ರಕ್ತಕಣಗಳನ್ನು 2ರಿಂದ 6 ಡಿಗ್ರಿ ತಂಪಿನಲ್ಲಿಟ್ಟರೂ 35 ದಿನ, ಹೆಚ್ಚೆಂದರೆ 42 ದಿನ ಬಾಳುತ್ತವೆ. ಡೆಂಗಿ ಬಂದಾಗ ನಾವು ಹುಡುಕಿಕೊಂಡು ಓಡುವ ಪ್ಲೇಟ್‌ಲೆಟ್‌ಗಳ ಆಯುಸ್ಸು ಸಾಮಾನ್ಯವಾಗಿ ಐದೇ ದಿನ. ನಾಯಕರೊಬ್ಬರ ಹುಟ್ಟುಹಬ್ಬಕ್ಕೆ ಒಂದೇ ದಿನ ಐನೂರು ಮಂದಿ ಸಾಲುಗಟ್ಟಿ ನಿಂತು ಕೊಟ್ಟರೂ ಆರು ವಾರದ ನಂತರ ಅದರಿಂದ ಅವನಿಗೆ ಒಂದು ಹನಿಯೂ ಸಿಗದು. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳಿಲ್ಲ. ಆ ಹುಡುಗನ ರಕ್ತಕ್ಕೆ ರಜೆಯಿಲ್ಲ.

ಆರೋಗ್ಯವಂತ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಅಂದರೆ ಒಬ್ಬ ಗಂಡಸು ವರ್ಷಕ್ಕೆ ನಾಲ್ಕು ಸಲ. ಹತ್ತು ಗೆಳೆಯರು ತಮ್ಮ ತಮ್ಮಲ್ಲಿ ತಿಂಗಳನ್ನು ಹಂಚಿಕೊಂಡರೆ ಯಾವ ತಿಂಗಳೂ ಬರಿದಾಗದು. ನಮ್ಮ ಊರಿನ ಕೆಲವು ಯುವಕರು ಹೀಗೆ ಸರದಿ ಕಟ್ಟಿಕೊಂಡರು. ಆಸ್ಪತ್ರೆಯ ಬಾಗಿಲಲ್ಲಿ ಫೋನ್ ಹಿಡಿದುಕೊಂಡು ಸಿಕ್ಕಸಿಕ್ಕವರಿಗೆಲ್ಲ ಕರೆ ಮಾಡಿ ಬೇಡುತ್ತಿದ್ದ ಅವನ ತಾಯಿ ಆಮೇಲೆ ಹಾಗೆ ನಿಂತದ್ದನ್ನು ನಾನು ನೋಡಲಿಲ್ಲ.

ಸರ್ಕಾರ ಇರುವಾಗ ನಾವೇಕೆ ಎಂಬ ಮಾತೂ ಇದೆ. 2002ರಲ್ಲಿ ನಮ್ಮ ರಾಜ್ಯದಲ್ಲಿ ಶಾಲೆಯ ಬಿಸಿಯೂಟ ಶುರುವಾದಾಗ ಅದಕ್ಕೆ ಅಕ್ಷರ ದಾಸೋಹ ಎಂದೇ ಹೆಸರಿಟ್ಟರು. ಅದರ ಬಲವೂ ಶಾಲೆ ಇರುವ ಪ್ರತಿ ದಿನ ಊಟ ಉಂಟು ಎಂಬ ಭರವಸೆಯಲ್ಲೇ ಇದೆ. ಸರ್ಕಾರ ಮಾಡಬೇಕಾದದ್ದನ್ನು ಮಾಡಲಿ, ಮಾಡದಿದ್ದರೆ ಕೇಳೋಣ. ಆದರೆ ರಾತ್ರಿಯ ಊಟ, ಭಾನುವಾರದ ಊಟ, ಕನ್ನಡಕ, ಬಸ್ ಪಾಸು, ಜ್ವರ ಬಂದಾಗಿನ ಆಟೋ ಬಾಡಿಗೆ ಇವಕ್ಕೆಲ್ಲ ಯೋಜನೆಯ ಕಡತ ಕಾಯುತ್ತಾ ಕೂರಲಾಗದು.

ಪ್ರಶ್ನೆಗಳಿಗೆ ಬರುತ್ತೇನೆ. ಒಬ್ಬ ಯುವಕರು, "ನನಗೇ ಮನೆ ಸಾಲ, ಗಾಡಿ ಸಾಲ ಇದೆ, ತಿಂಗಳು ತಿಂಗಳು ಕೊಡುವುದು ಹೇಗೆ?" ಎಂದು ಕೇಳಿದರು. ತುಂಬ ಪ್ರಾಮಾಣಿಕ ಪ್ರಶ್ನೆ. ಕಂತಿನ ಶಕ್ತಿ ಸಾಲಗಾರನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಒಟ್ಟಿಗೆ ತೆರಲಾಗದ ಮನೆಯ ಬೆಲೆಯನ್ನು ತಿಂಗಳ ತುಣುಕುಗಳಾಗಿ ತೆತ್ತು ಮನೆ ಕಟ್ಟಿಕೊಳ್ಳುತ್ತೇವೆ. ಸಂಬಳದ ಮರುದಿನವೇ ಖಾತೆಯಿಂದ ಕಡಿತವಾಗುವುದರಿಂದ ಉಳಿದದ್ದರಲ್ಲಿ ಬದುಕಲು ಕಲಿಯುತ್ತೇವೆ. ಅದೇ ದಿನ ಅದೇ ರೀತಿ ನೂರು ರೂಪಾಯಿ ಹೋಗುವಂತೆ ಬ್ಯಾಂಕಿಗೆ ಒಂದು ಸಲ ಹೇಳಿಟ್ಟರೆ ಮುಗಿಯಿತು. ನೂರು ರೂಪಾಯಿಯ ಐವತ್ತು ಮನೆ ಸೇರಿದರೆ ತಿಂಗಳಿಗೆ ಐದು ಸಾವಿರ, ವರ್ಷಕ್ಕೆ ಅರವತ್ತು ಸಾವಿರ. ನಮ್ಮಂಥ ನಿಲಯಕ್ಕೆ ಅದು ಗ್ಯಾಸಿನ ಚಿಂತೆಯನ್ನು ಹಗುರ ಮಾಡುವಷ್ಟು ಹಣ. ಅದೂ ಕಷ್ಟವಾದರೆ ನಮ್ಮ ಅಜ್ಜಿಯ ದಾರಿ ಇದೆ. ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದಳು. ಮನೆಯಲ್ಲಿ ಅಕ್ಕಿ ತಳ ಕಂಡ ದಿನವೂ ಹಿಡಿ ಸಣ್ಣದಾಗುತ್ತಿತ್ತೇ ಹೊರತು ತಪ್ಪುತ್ತಿರಲಿಲ್ಲ.

ಇನ್ನೊಬ್ಬರು, ಕೊಟ್ಟದ್ದು ಸರಿಯಾದ ಜಾಗಕ್ಕೆ ಹೋಗುತ್ತದೆಯೇ ಎಂದು ತಿಳಿಯುವುದು ಹೇಗೆ ಎಂದು ಕೇಳಿದರು. ಹೋಗಿ ನೋಡಿ. ಹಬ್ಬದ ದಿನ ಬೇಡ, ಹೇಳದೆ ಒಂದು ಸಾಮಾನ್ಯ ದಿನ ಮಧ್ಯಾಹ್ನ ಹೋಗಿ ಅಡುಗೆಮನೆಯಲ್ಲಿ ನಿಲ್ಲಿ. ಲೆಕ್ಕ ಪರಿಶೋಧಕರ ವರದಿ ಕೇಳಿ, ಪ್ರತಿ ಸಲವೂ ರಸೀದಿ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವ ಸಂಸ್ಥೆ ನಿಮಗೆ ಬೇಡ. ವರ್ಷಕ್ಕೊಮ್ಮೆ ಕೊಡುವವರಿಗೆ ಹೀಗೆ ಕೇಳುವ ಸಲಿಗೆ ಇರುವುದಿಲ್ಲ. ತಿಂಗಳಿಗೊಮ್ಮೆ ಬರುವವರು ಮನೆಯವರಂತಾಗುತ್ತಾರೆ, ಸಾರಿಗೆ ಉಪ್ಪು ಹೆಚ್ಚಾದದ್ದೂ ಅವರಿಗೆ ತಿಳಿದುಹೋಗುತ್ತದೆ.

ರಸೀದಿಯ ಮಾತು ಬಂದದ್ದರಿಂದ ಒಂದನ್ನು ಹೇಳಿ ಮುಗಿಸುತ್ತೇನೆ.

ಬಸ್ ನಿಲ್ದಾಣದ ಬಳಿ ಹೂ ಮಾರುವ ಒಬ್ಬ ಅಜ್ಜಿ ನಮ್ಮ ನಿಲಯಕ್ಕೆ ಪ್ರತಿ ತಿಂಗಳು ಐದನೆಯ ತಾರೀಖು ಐವತ್ತು ರೂಪಾಯಿ ಕೊಡುತ್ತಿದ್ದರು. ಒದ್ದೆ ಬೆರಳಿನಿಂದ ಎಣಿಸಿ ಕೊಟ್ಟ ನೋಟುಗಳಿಗೆ ಮಲ್ಲಿಗೆಯ ವಾಸನೆ ಇರುತ್ತಿತ್ತು. 2020ರ ಮಾರ್ಚ್‌ನಲ್ಲಿ ಎಲ್ಲ ಬಂದ್ ಆಯಿತು. ಹೂವಿಗೆ ಗಿರಾಕಿಯಿಲ್ಲ, ಗುಡಿಗಳ ಬಾಗಿಲು ಮುಚ್ಚಿತ್ತು. ನಿಲಯದ ಮಕ್ಕಳೆಲ್ಲ ಊರಿಗೆ ಹೋದರು. ಹೋಗಲು ಮನೆಯಿಲ್ಲದ ಆರು ಮಕ್ಕಳು ಉಳಿದರು. ಏಪ್ರಿಲ್, ಮೇ, ಜೂನ್, ಮೂರೂ ತಿಂಗಳು ಅಜ್ಜಿ ಬರಲಿಲ್ಲ. ಬರಲಿಲ್ಲವಲ್ಲ ಎಂದು ಯೋಚಿಸುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ.

ಜುಲೈ ಐದರಂದು ಬಾಯಿಗೆ ಸೆರಗು ಕಟ್ಟಿಕೊಂಡು ಬಂದು ಬಾಗಿಲಲ್ಲಿ ನಿಂತರು. ಸೆರಗಿನ ಇನ್ನೊಂದು ತುದಿಯ ಗಂಟು ಬಿಚ್ಚಿ ಇನ್ನೂರು ರೂಪಾಯಿ ಮೇಜಿನ ಮೇಲಿಟ್ಟರು. "ಅಜ್ಜಿ, ನಿಮ್ಮದೇ ಕಷ್ಟದ ಕಾಲ, ಹಿಂದಿನ ತಿಂಗಳುಗಳದ್ದು ಬೇಡ" ಎಂದೆ.

"ಆ ಮೂರು ತಿಂಗಳು ಇಲ್ಲಿದ್ದ ಮಕ್ಕಳು ಊಟ ಮಾಡಲಿಲ್ಲವೇ ಸ್ವಾಮಿ?" ಎಂದರು.

ನಾನು ರಸೀದಿ ಪುಸ್ತಕ ತೆಗೆದು ಇನ್ನೂರು ಎಂದು ಬರೆಯಲು ಹೊರಟೆ. ಅಜ್ಜಿ ಕೈ ಅಡ್ಡ ಹಿಡಿದರು. ಒಟ್ಟಿಗೆ ಬೇಡ, ತಿಂಗಳು ತಿಂಗಳದ್ದು ಬೇರೆ ಬೇರೆ ಬರೆದುಕೊಡಿ ಎಂದರು. ಅವರ ಮನೆಯಲ್ಲಿ ಒಂದು ತಂತಿಗೆ ಚುಚ್ಚಿದ ನಮ್ಮ ರಸೀದಿಗಳ ಸಾಲಿದೆಯೆಂದು ನನಗೆ ಗೊತ್ತಾದದ್ದು ಆಗ. ನಾಲ್ಕು ರಸೀದಿ ಬರೆದೆ. ದಿನಾಂಕ ನಾಲ್ಕಕ್ಕೂ ಜುಲೈ 5. ಬಾಬ್ತು ಎಂಬಲ್ಲಿ ಏಪ್ರಿಲ್, ಮೇ, ಜೂನ್, ಜುಲೈ ಎಂದು ಒಂದೊಂದರಲ್ಲಿ ಒಂದೊಂದು ತಿಂಗಳು. ಅಜ್ಜಿಗೆ ಓದು ಬಾರದು. ಒಂದೊಂದನ್ನೂ ಮುಟ್ಟಿ ಇದು ಯಾವ ತಿಂಗಳದ್ದು ಎಂದು ಕೇಳಿ, ಅದೇ ಕ್ರಮದಲ್ಲಿ ಜೋಡಿಸಿ, ಸೆರಗಿನ ಗಂಟಿಗೆ ಕಟ್ಟಿಕೊಂಡು ಹೋದರು.